ಹಿಂಗಿನ ಡಬ್ಬಿಯೊಳಗಿನ ಹುಳ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹದಿನಾರನೆಯ ವಯಸ್ಸಿನಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಹಾಗೆ ಬರೆಯುವವರ ನೆನಪು ಗಟ್ಟಿಯಾಗಿರುತ್ತದೆ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಬರೆದಿಟ್ಟೆನಲ್ಲ ಎಂಬ ಧೈರ್ಯದಲ್ಲಿ ತಲೆ ಆ ವಿಷಯವನ್ನು ಕೈಬಿಡುತ್ತದೆ. ಆಮೇಲೆ ಪುಟ ತೆರೆದರೆ ಬೇಕಾದದ್ದೊಂದೂ ಅಲ್ಲಿರುವುದಿಲ್ಲ. ಈ ಬರಹಕ್ಕೆ ಬಹಳ ಮುಖ್ಯವಾದ ಒಂದು ಭಾನುವಾರದ ಪುಟದಲ್ಲಿರುವುದು ಇಷ್ಟು: "ಕಾಕಾ ಜೊತೆ ಕೆರೆ. ಮೂರು ಮೀನು. ಹಚ್ಚಿದವಲಕ್ಕಿಗೆ ಉಪ್ಪು ಹೆಚ್ಚು." ಉಪ್ಪಿನ ವಿಷಯ ಈಗ ಯಾರಿಗೂ ಬೇಕಾಗಿಲ್ಲ.

ಹುಳದ ವಿಷಯ ಮಾತ್ರ ಖಚಿತ. ಅದರ ಫೋಟೋ ತೆಗೆದಿಟ್ಟಿದ್ದೇನೆ.

ಹೋದ ತಿಂಗಳು ಒಂದು ಶನಿವಾರ, ಲಂಡನ್ನಿನ ಹೇಸ್‌ನ ನನ್ನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯಿತು, ಹಿಂಗು ಮುಗಿದಿತ್ತು. ಶೆಲ್ಫಿನ ಹಿಂಭಾಗದಲ್ಲಿ ಒಂದು ಡಬ್ಬಿ ಇತ್ತು. ವೆಂಬ್ಲಿಯಲ್ಲಿರುವ ನನ್ನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಯಾವಾಗಲೋ ಉಪ್ಪಿನಕಾಯಿ, ಚಟ್ನಿಪುಡಿಯ ಜೊತೆ ಚೀಲಕ್ಕೆ ತುರುಕಿ ಕಳಿಸಿದ್ದದ್ದು. ಮುಚ್ಚಳ ತೆಗೆದರೆ ಅರ್ಧ ಡಬ್ಬಿ ಹಿಂಗಿನ ಪುಡಿ, ಅದರೊಳಗೆ ಸುರುಳಿ ಸುತ್ತಿ ಮಲಗಿದ್ದ ಒಂದು ಹುಳ. ಬೆರಳುದ್ದ, ನಸುಗೆಂಪು. ನಾನು ಕಿರುಚಲಿಲ್ಲ. ಕಿರುಚಲು ಒಗ್ಗರಣೆ ಬಿಡುವು ಕೊಡುವುದಿಲ್ಲ. ಹುಳ ಮುಟ್ಟದ ಮೂಲೆಯಿಂದ ಒಂದು ಚಿಟಿಕೆ ತೆಗೆದು ಹಾಕಿ ಒಲೆ ಆರಿಸಿದೆ. ಅಂದು ಊಟಕ್ಕೆ ಬಂದಿದ್ದ ಇಬ್ಬರೂ ಹುಳಿ ಚೆನ್ನಾಗಿದೆ ಅಂದರು. ಅವರಿಬ್ಬರೂ ಕನ್ನಡ ಓದುವವರಲ್ಲ, ಹಾಗಾಗಿ ಇದನ್ನು ಬರೆಯಲು ಅಡ್ಡಿಯಿಲ್ಲ.

ಇನ್ನೊಂದನ್ನೂ ಇಲ್ಲೇ ಬರೆದುಬಿಡುವುದು ವಾಸಿ. ಆ ಚಿಟಿಕೆಯಲ್ಲಿ ಅರ್ಧ ಒಗ್ಗರಣೆ ಸೌಟಿಗೆ ಬಿತ್ತು, ಅರ್ಧ ಒಲೆಯ ಮೇಲೆ ಉದುರಿತು. ಈ ವರ್ಷದ ಆರಂಭದಿಂದ ನನ್ನ ಬಲಗೈ ಸಣ್ಣಗೆ ನಡುಗುತ್ತದೆ. ಸುಮ್ಮನೆ ಇಟ್ಟರೆ ಏನೂ ಇಲ್ಲ. ಏನಾದರೂ ಹಿಡಿದರೆ, ಅದೂ ಸಣ್ಣದನ್ನು ಹಿಡಿದರೆ, ಶುರು. ನನ್ನ ಕೆಲಸವೇ ಸಣ್ಣದನ್ನು ಹಿಡಿಯುವುದು. ಕೌನ್ಸಿಲ್ಲಿನ ಹಳೆಯ ದಾಖಲೆಗಳ ಕೋಣೆಯಲ್ಲಿ ಹರಿದ ನಕ್ಷೆಗಳಿಗೆ ತೆಳುಕಾಗದ ಅಂಟಿಸಿ ಜೋಡಿಸುತ್ತೇನೆ. ಹೆಚ್ಚಿನವು ಒಳಚರಂಡಿಯ ನಕ್ಷೆಗಳು. ಇತಿಹಾಸದಲ್ಲಿ ಎಂ.ಎ. ಮಾಡಿದ ಮಗಳು ಲಂಡನ್ನಿನಲ್ಲಿ ಏನು ಮಾಡುತ್ತಾಳೆ ಎಂದು ಕೇಳಿದವರಿಗೆ ಅಪ್ಪ "ಮ್ಯೂಸಿಯಂ ಥರ" ಎನ್ನುತ್ತಾರೆ.

ನಮ್ಮ ಬಡಾವಣೆಯ ಡಾಕ್ಟರು, ಅಂದರೆ ಜಿ.ಪಿ.ಯ ಹತ್ತಿರ ಹೋದೆ. ಆಕೆ ನನ್ನಿಂದ ಕಾಗದದ ಮೇಲೆ ಒಂದು ಸುರುಳಿ ಬರೆಸಿದಳು. ನನ್ನ ಸುರುಳಿ ಕಂಬಳಿಹುಳದ ಹಾಗಿತ್ತು. "ಮನೆತನದಲ್ಲಿ ಬರುವ ಒಂದು ಬಗೆಯ ನಡುಕ ಇದೆ. ಅದಾಗಿದ್ದರೆ ಬಹಳ ನಿಧಾನ, ವರ್ಷಗಟ್ಟಲೆ ಕೆಲಸ ಮಾಡಬಹುದು. ಅದಲ್ಲವಾದರೆ ಬೇರೆ ಪರೀಕ್ಷೆ ಮಾಡಿಸೋಣ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತೇ? ಯಾವ ವಯಸ್ಸಿಗೆ ಶುರುವಾಯಿತು?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಆಕೆ ಗೊತ್ತಿಲ್ಲ ಎಂದೇ ಬರೆದುಕೊಂಡಳು. ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಾಗತೊಡಗಿದ್ದು ಹುಳ ಸಿಕ್ಕಿದ ಮೇಲೆ.

ಹುಳಿಯ ಅತಿಥಿಗಳು ಹೋದ ಮೇಲೆ ಕಾಕುವಿಗೆ ಫೋನು ಮಾಡಿದೆ.

"ಹಿಂಗಿನ ಡಬ್ಬಿಯಲ್ಲಿ ಹುಳ ಇದೆ ಕಾಕು."

"ಜೀವಂತ ಅದ ಏನು?"

"ಇಲ್ಲ, ರಬ್ಬರ್ದು."

"ಹಂಗಾರ ನಿಮ್ಮ ಕಾಕಾಂದು. ಎರಡ ವರ್ಷ ಆತು, ಆ ಡಬ್ಬಿ ಹುಡುಕ್ಲಿಕ್ಕೆ ಹತ್ಯಾರ. ನಾ ಕದ್ದೀನಿ ಅಂತ ನನ್ನ ಮ್ಯಾಲೆ ಸಂಶಯ. ತೊಳೀಬ್ಯಾಡ, ಹಂಗ ಇಡು. ತೊಳದ್ರ ವಾಸನಿ ಹೋಗ್ತದಂತ."

ಇದನ್ನು ಸ್ವಲ್ಪ ವಿವರಿಸಬೇಕು. ನನ್ನ ಕಾಕಾ ಕಣ್ಣಿನ ಡಾಕ್ಟರು. ಧಾರವಾಡದ ವೈಷ್ಣವ ಮನೆತನ. ಹುಟ್ಟಿನಿಂದ ಸಸ್ಯಾಹಾರಿ, ಈರುಳ್ಳಿ ಕೂಡ ಏಕಾದಶಿಯ ಆಸುಪಾಸಿನಲ್ಲಿ ತಿನ್ನುವವರಲ್ಲ. ಮೂವತ್ತು ವರ್ಷ ಲಂಡನ್ನಿನ ಒಂದು ಸರಕಾರಿ ಆಸ್ಪತ್ರೆಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದರು. ಪ್ರತಿ ಭಾನುವಾರ ಗಾಳ ಹಾಕುತ್ತಾರೆ. ಹಿಡಿದ ಮೀನನ್ನು ತಿನ್ನುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಮುಳ್ಳಿಲ್ಲದ ಕೊಕ್ಕೆಯಿಂದ ಬಿಡಿಸಿ, ಎರಡು ನಿಮಿಷ ನೋಡಿ, ನೀರಿಗೆ ಬಿಡುತ್ತಾರೆ. ನಮ್ಮಪ್ಪ ಕಾಕಾನ ಅಣ್ಣ, ಬೆಂಗಳೂರಿನಲ್ಲಿದ್ದಾರೆ. ಅವರು ವರ್ಷಕ್ಕೊಮ್ಮೆಯಾದರೂ ಫೋನಿನಲ್ಲಿ ಕೇಳುತ್ತಾರೆ: "ತಿನ್ನೂದಿಲ್ಲ ಅಂದಮ್ಯಾಲೆ ಯಾಕ ಹಿಡೀತೀಯೋ?" ಕಾಕಾನ ಉತ್ತರ ಯಾವಾಗಲೂ ಒಂದೇ: "ಪೇಶಂಟಿಗೂ ನಾ ಅದ ಮಾಡ್ತೀನಿ. ಹಿಡೀತೀನಿ, ನೋಡ್ತೀನಿ, ಬಿಡ್ತೀನಿ."

ಏಕಾದಶಿ ಭಾನುವಾರ ಬಂದರೆ ಕಾಕು ಗಾಳದ ಚೀಲ ಮುಟ್ಟಲು ಬಿಡುತ್ತಿರಲಿಲ್ಲ. ಅವತ್ತು ಮೀನುಗಳಿಗೂ ಉಪವಾಸ ಎಂಬುದು ಆಕೆಯ ವಾದ. ರಬ್ಬರ್ ಬಾಯಿಗೆ ಹೋದರೆ ಉಪವಾಸ ಮುರಿಯುವುದಿಲ್ಲ ಎಂಬುದು ಕಾಕಾನ ವಾದ. ಮೂವತ್ತು ವರ್ಷದಲ್ಲಿ ಈ ವ್ಯಾಜ್ಯ ತೀರ್ಮಾನವಾಗಿಲ್ಲ. ಕಾಕಾ ಮಾತ್ರ ಏಕಾದಶಿಗೆ ಮನೆಯಲ್ಲಿರುತ್ತಾರೆ.

ಹಿಂಗು ಬಂದದ್ದು ಬೆಳ್ಳುಳ್ಳಿಯ ದೆಸೆಯಿಂದ. ಗಾಳದ ರಬ್ಬರ್ ಹುಳಗಳಿಗೆ ವಾಸನೆ ಸೇರಿಸಿ ಮಾರುತ್ತಾರೆ, ಅದರಲ್ಲಿ ಬೆಳ್ಳುಳ್ಳಿಗೆ ಬೇಡಿಕೆ ಹೆಚ್ಚಂತೆ. ಕಾಕಾ ಒಂದು ಪೊಟ್ಟಣ ತರಿಸಿದರು. ಅದು ಅಂಚೆಯವನ ಕೈಯಲ್ಲಿರುವಾಗಲೇ ಕಾಕು ಮೂಸಿ ಪತ್ತೆ ಹಚ್ಚಿದಳು. "ಮೀನ ಹಿಡೀರಿ, ಬಿಡ್ರಿ, ನಿಮ್ಮ ಪಾಪ ನಿಮಗ. ಬಳ್ಳೊಳ್ಳಿ ಮಾತ್ರ ನನ್ನ ಮನಿಯೊಳಗ ಬರಬಾರದು." ಪೊಟ್ಟಣ ನೆರೆಮನೆಗೆ ದಾನವಾಯಿತು. ನೆರೆಮನೆಯವರು ಗಾಳ ಹಾಕುವವರಲ್ಲ. ಅದನ್ನು ಏನು ಮಾಡಿದರೋ ತಿಳಿಯದು. ಕಾಕಾ ಮರುವಾರ ವಾಸನೆಯಿಲ್ಲದ ಹುಳ ತರಿಸಿ, ಕಾಕುವಿನ ಅಡುಗೆಮನೆಯಿಂದ ಅರ್ಧ ಡಬ್ಬಿ ಹಿಂಗು ತೆಗೆದು, ಅದರಲ್ಲಿ ಹುಳಗಳನ್ನು ಹೂತಿಟ್ಟರು. ಆ ಡಬ್ಬಿ ಹಿಂಗಿನದೇ ಆದ್ದರಿಂದ ಯಾವಾಗಲೋ ಹಿಂಗಿನ ಸಾಲಿಗೇ ಮರಳಿತು, ಅಲ್ಲಿಂದ ನನ್ನ ಚೀಲಕ್ಕೆ. ಮೀನುಗಳಿಗೆ ಹಿಂಗು ಹಿಡಿಸಿತೋ ಇಲ್ಲವೋ ಎಂಬುದಕ್ಕೆ ಸಾಕ್ಷಿಯಿಲ್ಲ. ಆದರೆ ಕಾಕಾನ ಗಾಳದ ಚೀಲದಿಂದ ಮಠದ ಪಂಕ್ತಿಯ ಸಾರಿನ ವಾಸನೆ ಬರುತ್ತಿದ್ದದ್ದು ನಿಜ.

ಈ ಹುಚ್ಚು ಕಾಕಾಗೆ ಹತ್ತಿದ್ದು ಅಮೆರಿಕದಲ್ಲಿ. ಮದುವೆಗೆ ಮುಂಚೆ ಅಲ್ಲಿ ಒಂದು ವರ್ಷ ತರಬೇತಿಗೆ ಹೋಗಿದ್ದರು, ಯಾವುದೋ ಗುಡ್ಡಗಾಡಿನ ಸಣ್ಣ ಊರು. ಅಲ್ಲಿ ಗುಡ್ಡಗಳ ಸಂದಿಗೆ ಅಣೆಕಟ್ಟು ಕಟ್ಟಿ ಮಾಡಿದ ಕೆರೆ. ನೀರು ಎಷ್ಟು ತಿಳಿಯೆಂದರೆ ಮುಳುಗಿಹೋದ ಹೊಲದ ಬೇಲಿ ಮೇಲಿನಿಂದ ಕಾಣುತ್ತಿತ್ತಂತೆ. ನಾನು ಮೊದಲ ಸಲ ಕೇಳಿದಾಗ ಬೇಲಿ ಹದಿನೈದು ಅಡಿ ಆಳದಲ್ಲಿತ್ತು. ಆಮೇಲೆ ಇಪ್ಪತ್ತಾಯಿತು. ಹೋದ ದೀಪಾವಳಿಗೆ ಮೂವತ್ತೈದು. ಇದಷ್ಟನ್ನೂ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ, ಬಹುಶಃ ಮತ್ತೊಬ್ಬರ ನೆನಪು ನನ್ನದಕ್ಕಿಂತ ಕೆಟ್ಟದಾಗಿದೆ ಎಂಬ ಸಮಾಧಾನಕ್ಕೆ. ಆಪರೇಷನ್ ಕೋಣೆಯ ಸಹಾಯಕ ವೆಂಡೆಲ್ ಎಂಬಾತ ಕಾಕಾಗೆ ಅಲ್ಲಿ ಬ್ಯಾಸ್ ಎಂಬ ಹಸಿರು ಮೀನಿಗೆ ಗಾಳ ಹಾಕುವುದನ್ನು ಕಲಿಸಿದ. ಅದರಲ್ಲಿ ಎರಡು ಪಂಥಗಳು. ಕಾಕಾ ಅವುಗಳಿಗೆ ಜೋರು ಮತ್ತು ನಾಜೂಕು ಎಂದು ಹೆಸರಿಟ್ಟಿದ್ದಾರೆ.

ಜೋರಿನವರದು ದಪ್ಪ ಕೋಲು, ದಪ್ಪ ದಾರ, ತುದಿಯಲ್ಲಿ ಗಿರಗಿರ ತಿರುಗಿ ಮಿಂಚುವ ತಗಡು. ದೂರ ಎಸೆಯುವುದು, ಬಿರಬಿರನೆ ಎಳೆಯುವುದು, ಪಕ್ಕಕ್ಕೆ ಸರಿದು ಮತ್ತೆ ಎಸೆಯುವುದು. ಮೀನಿಗೆ ಯೋಚಿಸಲು ಪುರುಸೊತ್ತು ಕೊಡಬಾರದು. ಅದು ಹಸಿವಿನಿಂದ ಕಚ್ಚುವುದಿಲ್ಲ, ರೇಗಿ ಕಚ್ಚುತ್ತದೆ. ನಾಜೂಕಿನವರದು ಕಡ್ಡಿಯಂಥ ಕೋಲು, ಕೂದಲಂಥ ದಾರ. ದಾರದ ತುದಿಗೆ ಸಣ್ಣ ಗುಂಡು, ಗುಂಡಿನಿಂದ ಒಂದು ಗೇಣು ಮೇಲೆ ಕೊಕ್ಕೆ, ಕೊಕ್ಕೆಗೆ ರಬ್ಬರ್ ಹುಳ. ಗುಂಡು ತಳ ಮುಟ್ಟಿದ ಮೇಲೆ ಎಳೆಯುವ ಹಾಗಿಲ್ಲ. ಕೋಲಿನ ತುದಿಯನ್ನು ಸಣ್ಣಗೆ ಅಲ್ಲಾಡಿಸುತ್ತಿರಬೇಕು. ಹುಳ ಇದ್ದಲ್ಲೇ ಇದ್ದು ನಡುಗುತ್ತದೆ. ಆ ನಡುಕ ಸರಿಯಾಗಿದ್ದರೆ ಮೀನು ಬರುತ್ತದೆ, ಹೆಚ್ಚಾದರೆ ಹೋಗುತ್ತದೆ.

"ತಿಳಿನೀರಾಗ ಜೋರು ನಡಿಯೂದಿಲ್ಲ, ವೈಜೂ," ಎನ್ನುತ್ತಿದ್ದರು ಕಾಕಾ. ವೈಜಯಂತಿ ಎಂಬ ನನ್ನ ಹೆಸರನ್ನು ಮನೆಯಲ್ಲಿ ಹಾಗೆ ಮೋಟು ಮಾಡಿದ್ದಾರೆ. "ಮೀನಿಗೆ ಕಣ್ಣಿನ ರೆಪ್ಪಿ ಇಲ್ಲ, ನೋಡು. ಇಡೀ ದಿನಾ ನೋಡಕೋತನ ಇರತದ. ಗಾಳಿ ಬಿಟ್ಟು ನೀರು ಕದಡಿದ್ರ, ಇಲ್ಲಾ ನಸುಕಿನ್ಯಾಗ ಬೆಳಕು ಕಡಿಮಿ ಇದ್ರ, ಆಗ ಬೇಕಾದ್ರ ಜೋರು ಮಾಡು. ಬಿಸಲು ಬಿದ್ದು ನೀರು ಸುಮ್ಮನ ಕೂತ್ರ ನಾಜೂಕ. ಎರಡೂ ಬರಬೇಕು. ಯಾವಾಗ ಯಾವದು ಅಂತ ತಿಳೀಬೇಕು."

ಇದನ್ನು ಕೇಳಿದ ಮೇಲೆ ನಾನು ನೆಂಟರನ್ನೆಲ್ಲ ಎರಡು ರಾಶಿ ಮಾಡಿ ನೋಡಿದ್ದುಂಟು. ಅಪ್ಪ ಜೋರು. ಕಾಕು ಜೋರು, ಗಾಳಿ ಇರಲಿ ಬಿಡಲಿ. ಕಾಕಾ ಮನೆಯೊಳಗೆ ಪೂರ್ತಿ ನಾಜೂಕು. ನಾನು ನನ್ನನ್ನು ನಾಜೂಕಿಗೆ ಸೇರಿಸಿಕೊಂಡಿದ್ದೆ. ಹೇಳಬೇಕಾದ್ದನ್ನು ಹೇಳಲಾಗದವರೆಲ್ಲ ತಾವು ನಾಜೂಕು ಎಂದುಕೊಂಡಿರುತ್ತಾರೆ.

ಕಾಕಾನ ಲಂಡನ್ನಿನ ಕೆರೆ ಹೇಸ್‌ನಿಂದ ಸ್ವಲ್ಪ ದೂರ. ಹಿಂದೆ ಜಲ್ಲಿ ಅಗೆದು ತೆಗೆದ ಹೊಂಡ, ಆಮೇಲೆ ನೀರು ತುಂಬಿ ಕೆರೆಯಾಯಿತು. ತಳದಲ್ಲಿ ಕೆಸರಿಲ್ಲದೆ ಬರೀ ಕಲ್ಲಾದ್ದರಿಂದ ನೀರು ತಿಳಿ. ಕಾಕಾ ಇದಕ್ಕೆ "ನಮ್ಮ ಗುಡ್ಡದ ಕೆರಿ" ಎನ್ನುತ್ತಾರೆ. ಸುತ್ತಮುತ್ತ ಎತ್ತರವಾದದ್ದೆಂದರೆ ಮೋಟಾರ್‌ವೇ ಸೇತುವೆ. ಎರಡೆರಡು ನಿಮಿಷಕ್ಕೊಂದು ವಿಮಾನ ಚಕ್ರ ಬಿಚ್ಚಿಕೊಂಡು ತಲೆಯ ಮೇಲೆ ಇಳಿಯುತ್ತದೆ. ಅಲ್ಲಿ ಬ್ಯಾಸ್ ಕೂಡ ಇಲ್ಲ. ಪಕ್ಕದ ಜಾಗದಲ್ಲಿ ಹಸಿರು ಡೇರೆ ಹಾಕಿಕೊಂಡು, ಎರಡೆರಡು ದಿನ ಕದಲದೆ ಕಾರ್ಪ್ ಮೀನಿಗೆ ಕಾಯುವ ಟೆರಿ ಎಂಬಾತ ಮೂರನೆಯ ಪಂಥದವನು, ಅಂದರೆ ನಿದ್ದೆಯವನು. ಅವನು ಇದನ್ನು ಕಾಕಾಗೆ ಬಿಡಿಸಿ ಹೇಳಿದ.

"ಡಾಕ್ಟರೇ, ಈ ಹೊಂಡದಲ್ಲಿ ಬ್ಯಾಸ್ ಇಲ್ಲ. ಈ ದೇಶದ ಯಾವ ಹೊಂಡದಲ್ಲೂ ಇಲ್ಲ. ನೀವು ಹಿಡಿಯುತ್ತಿರುವುದು ಪರ್ಚ್."

"ಗೊತ್ತು," ಎಂದರು ಕಾಕಾ. ಐದು ನಿಮಿಷದ ನಂತರ ಪಟ್ಟೆಪಟ್ಟೆಯ, ಕೆಂಪು ರೆಕ್ಕೆಯ ಒಂದು ಪರ್ಚ್ ಹಿಡಿದು, "ಛಲೋ ಬ್ಯಾಸ್," ಎಂದು ನನಗೆ ತೋರಿಸಿದರು.

ನಾನು ಲಂಡನ್ನಿಗೆ ಬಂದ ಹೊಸತರಲ್ಲಿ, ಒಂಬತ್ತು ವರ್ಷದ ಹಿಂದೆ, ಕಾಕಾ ಜೋರಿನ ಕಡೆಯವರಾಗಿದ್ದರು. ಇದನ್ನು ಬರೆಯುವಾಗ ನನಗೆ ಧೈರ್ಯವಿದೆ, ಯಾಕೆಂದರೆ ಅವರು ಎಸೆದ ತಗಡು ಒಮ್ಮೆ ನನ್ನ ಉಣ್ಣೆಯ ಟೋಪಿಯನ್ನು ಎಗರಿಸಿಕೊಂಡು ಹೋಗಿ ನೀರಿಗೆ ಹಾಕಿತ್ತು. ಅವರ ತಿಳಿನೀರಿನ ಸಿದ್ಧಾಂತ ಬಾಯಿಮಾತಿಗೆ. ಕೈಗೆ ಇಷ್ಟವಾದದ್ದು ಎಸೆಯುವುದು. ಮಟಮಟ ಮಧ್ಯಾಹ್ನ, ಒಂದೆಲೆ ಅಲ್ಲಾಡದಿದ್ದರೂ ಎಸೆಯುತ್ತಿದ್ದರು. ಕಾಕು ಕಟ್ಟಿಕೊಟ್ಟ ಹಚ್ಚಿದವಲಕ್ಕಿ ತಿಂದು ಇಬ್ಬರೂ ಖಾಲಿ ಕೈಯಲ್ಲಿ ಬರುತ್ತಿದ್ದೆವು. ಹೇಗಿದ್ದರೂ ಖಾಲಿ ಕೈಯಲ್ಲೇ ಬರಬೇಕಾದವರು, ಆದ್ದರಿಂದ ಬೇಸರವಿರಲಿಲ್ಲ.

ಆಮೇಲೆ ಒಂದು ವಸಂತದಲ್ಲಿ ದಪ್ಪ ಕೋಲು ಗ್ಯಾರೇಜಿನ ಮೂಲೆ ಸೇರಿತು. ಕಡ್ಡಿಯಂಥ ಹೊಸ ಕೋಲು ಬಂತು. ಯಾಕೆ ಎಂದು ಕೇಳಿದ್ದೆ. "ನೀರು ಮೊದಲಿನಕಿಂತ ತಿಳಿ ಆಗ್ಯದ," ಎಂದರು. ನಾನು ನೀರು ನೋಡಿದೆ. ಇರಬಹುದು ಅನ್ನಿಸಿತು. ಅವತ್ತೇ ಆ ಮೂರು ಮೀನು ಸಿಕ್ಕಿದ್ದು, ಅವಲಕ್ಕಿಗೆ ಉಪ್ಪು ಹೆಚ್ಚಾದದ್ದು. ಟೆರಿ ಡೇರೆಯಿಂದ ಹೊರಬಂದು ನನ್ನ ಪಕ್ಕದಲ್ಲಿ ನಿಂತು ಬಹಳ ಹೊತ್ತು ಕಾಕಾನ ಕೋಲಿನ ತುದಿ ನೋಡಿದ.

"ನಿಮ್ಮ ಅಂಕಲ್‌ಗೆ ಒಳ್ಳೆಯ ನಡುಕ ಇದೆ," ಎಂದ ಮೆಲ್ಲಗೆ. "ನಾನು ನಲವತ್ತು ವರ್ಷ ಪ್ರಯತ್ನ ಮಾಡಿದೀನಿ, ನನಗೆ ಬಂದಿಲ್ಲ. ಅದು ಕಲಿತು ಬರುವುದಲ್ಲ."

ನಾನು ಅದನ್ನು ಹೊಗಳಿಕೆ ಎಂದು ತಿಳಿದು, ಕಾರಿನಲ್ಲಿ ಬರುವಾಗ ಕಾಕಾಗೆ ಹೇಳಿದೆ. ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿಸಿದರು. ನಮ್ಮ ದಾರಿ ಬಲಕ್ಕಿತ್ತು. ಅಥವಾ ಇದು ಬೇರೊಂದು ದಿನದ ನೆನಪೋ; ಕಾಕಾ ದಾರಿ ತಪ್ಪುವುದು ಅಪರೂಪವೇನಲ್ಲ.

ಅದೇ ವಸಂತದಲ್ಲಿ, ಅಥವಾ ಅದರ ಮುಂದಿನದರಲ್ಲಿ, ಕಾಕಾ ಶಸ್ತ್ರಚಿಕಿತ್ಸೆ ಮಾಡುವುದನ್ನು ನಿಲ್ಲಿಸಿದರು. ಕ್ಲಿನಿಕ್ಕಿನಲ್ಲಿ ಕಣ್ಣು ನೋಡುವುದು, ಕಿರಿಯರಿಗೆ ಪಾಠ ಹೇಳುವುದು, ಅಷ್ಟೇ. ಅಪ್ಪ ಇದನ್ನು ಬೆಂಗಳೂರಿನಲ್ಲಿ ಪ್ರಮೋಷನ್ ಎಂದು ಹಂಚಿದರು. ಕಾಕು "ವಯಸ್ಸಾತು, ನಿಂತು ನಿಂತು ಕಾಲು ನೋಯ್ತಾವ" ಎಂದಳು. ಕಾಕಾನನ್ನು ನಾನು ಕೇಳಲಿಲ್ಲ. ಕೋಲು ಬದಲಾದದ್ದು, ಕೆಲಸ ಬದಲಾದದ್ದು, ಟೆರಿ ಹೇಳಿದ್ದು, ಈ ಮೂರೂ ನನ್ನ ದಿನಚರಿಯ ಬೇರೆಬೇರೆ ಪುಟಗಳಲ್ಲಿದ್ದವು. ಒಂದು ಪುಟದಿಂದ ಇನ್ನೊಂದಕ್ಕೆ ಹರಕು ಜೋಡಿಸುವುದೇ ನನ್ನ ಉದ್ಯೋಗ ಎಂಬುದನ್ನು ಓದುಗರು ದಯವಿಟ್ಟು ಮರೆಯಬೇಕು.

ಈಗ ಜೋಡಿಸಹೊರಟರೆ ಎಲ್ಲವೂ ಅನುಮಾನ. ಆ ದಿನಗಳಲ್ಲಿ ಫೋನಿನಲ್ಲಿ ತೆಗೆದ ಒಂದು ವಿಡಿಯೋ ಇದೆ. ಅದರಲ್ಲಿ ಕೋಲಿನ ತುದಿ ಇದೆ, ನೀರಿದೆ, ವಿಮಾನವಿದೆ, ನನ್ನ ಹೆಬ್ಬೆರಳೂ ಇದೆ. ಕಾಕಾನ ಕೈ ಇಲ್ಲ. ತುದಿ ಚೆನ್ನಾಗಿ ನಡುಗುತ್ತಿದೆ.

ಅಜ್ಜನೂ ನೆನಪಾದ. ಕಾಕಾನ ಅಪ್ಪ, ಧಾರವಾಡದಲ್ಲಿ ಶಾಲೆಯ ಮೇಷ್ಟ್ರಾಗಿದ್ದವನು. ಬೇಸಿಗೆ ರಜೆಯಲ್ಲಿ ಹೋದಾಗ, ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಸ್ಟೀಲಿನ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಚಹಾ ಕುಡಿಯುತ್ತಿದ್ದ. ಲೋಟ ತುಟಿಗೆ ಬರುವ ಬದಲು ತುಟಿಯೇ ಬಗ್ಗಿ ಲೋಟಕ್ಕೆ ಹೋಗುತ್ತಿತ್ತು. ಅದು ಭಕ್ತಿ ಎಂದು ನಾವು ಮೊಮ್ಮಕ್ಕಳು ತಿಳಿದಿದ್ದೆವು, ತೀರ್ಥ ತೆಗೆದುಕೊಂಡ ಹಾಗೆ. ಹೇಳಿಕೊಡದಿದ್ದರೂ ಏಳು ಜನವೂ ಸಾಲಾಗಿ ಕೂತು, ಎರಡು ಕೈಯಲ್ಲಿ ಲೋಟ ಹಿಡಿದು, ಬಗ್ಗಿ ಹಾಲು ಕುಡಿಯುತ್ತಿದ್ದೆವು. ನೋಡಿದ ನೆಂಟರು ಎಂಥ ಸಂಸ್ಕಾರ ಅಂದರು. ನಾನು ಇವತ್ತಿಗೂ ಹಾಗೇ ಕುಡಿಯುತ್ತೇನೆ. ಲಂಡನ್ನಿನಲ್ಲಿ ಚಳಿಗೆ ಎಲ್ಲರೂ ಮಗ್ಗನ್ನು ಎರಡು ಕೈಯಲ್ಲಿ ತಬ್ಬಿಕೊಳ್ಳುವುದರಿಂದ ಯಾರಿಗೂ ಅನುಮಾನ ಬರಲಿಲ್ಲ, ನನಗೂ.

ಖಚಿತ ಮಾಡಿಕೊಳ್ಳಲು ಅಪ್ಪನಿಗೆ ಫೋನು ಮಾಡಿದೆ. "ನಮ್ಮಪ್ಪ ಒಂದ ಕೈಲೆ ಕುಡೀತಿದ್ದ," ಎಂದರು. ಸೋದರತ್ತೆಗೆ ಮಾಡಿದೆ. "ಅಪ್ಪ ಚಹಾನ ಕುಡೀತಿರಲಿಲ್ಲಲ್ಲ," ಎಂದರು. ನಮ್ಮ ಮನೆತನದಲ್ಲಿ ಏನು ಹರಿದುಬಂದಿದೆಯೋ ಗೊತ್ತಿಲ್ಲ, ನೆನಪಿನ ಶಕ್ತಿಯಂತೂ ಅಲ್ಲ.

ಹಾಗಾಗಿ ಉಳಿದದ್ದು ಕಾಕಾ ಒಬ್ಬರೇ. ಅವರಿಗಾದರೆ ತಾರೀಖು ಸಮೇತ ಗೊತ್ತಿರಬೇಕು. ಡಾಕ್ಟರು, ಅದರಲ್ಲೂ ಬೆರಳ ತುದಿಯಲ್ಲಿ ಬದುಕಿದವರು. ಜಿ.ಪಿ.ಗೆ ಬೇಕಾದದ್ದು ಅಷ್ಟೇ, ಯಾವ ವಯಸ್ಸಿಗೆ ಶುರುವಾಯಿತು ಎಂಬುದು. ನನ್ನ ಕೆಲಸ ಇನ್ನೆಷ್ಟು ವರ್ಷ ನನ್ನದು ಎಂಬುದಕ್ಕೆ ಅದರಲ್ಲಿ ಸುಳಿವಿದೆ. ಆದರೆ ಒಂದು ತೊಡಕು ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು. ಕಾಕಾ ಹೇಳುವ ತಾರೀಖು ಶಸ್ತ್ರಚಿಕಿತ್ಸೆ ನಿಲ್ಲಿಸಿದ ದಿನಕ್ಕಿಂತ ಹಿಂದಿನದಾದರೆ? ಒಂದು ವಾರ ಹಿಂದಿನದು, ಒಂದು ವರ್ಷ ಹಿಂದಿನದು? ನನಗೆ ನನ್ನ ಮುಂದಿನ ವರ್ಷಗಳ ಬಗ್ಗೆ ತಿಳಿಸುವ ಉತ್ತರವೇ ಅವರ ಹಿಂದಿನ ವರ್ಷಗಳ ಬಗ್ಗೆಯೂ ಹೇಳಿಬಿಡುತ್ತದೆ. ಗಾಳದ ಒಂದು ಗಂಟು ಸರಿಬರಲಿಲ್ಲವೆಂದು ಮೂರು ಸಲ ಬಿಚ್ಚಿ ಕಟ್ಟುವ ಮನುಷ್ಯ ನಡುಗುವ ಕೈಯಲ್ಲಿ ಇನ್ನೊಬ್ಬರ ಕಣ್ಣು ಮುಟ್ಟಿರಲಾರ ಎಂದು ನಾನು ನಂಬಿದ್ದೇನೆ. ನಂಬಿದ್ದೇನೆ ಎಂದು ಬರೆಯಬೇಕಾಯಿತು ಎಂಬುದೇ ನನಗೆ ಹಿಡಿಸುತ್ತಿಲ್ಲ.

ಹೋದ ಭಾನುವಾರ ಡಬ್ಬಿ ತೆಗೆದುಕೊಂಡು ಕೆರೆಗೆ ಹೋದೆ. ಕಾಕಾ ಈಗ ನಿವೃತ್ತರು, ಅರವತ್ತೇಳು. ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಒಂದು ಚೂರೂ ಗಾಳಿಯಿರಲಿಲ್ಲ. ತಳದ ಕಲ್ಲುಗಳನ್ನು ಎಣಿಸಬಹುದಾಗಿತ್ತು. ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ಮೂಸಿದರು.

"ಹಿಂಗು ಕಡಿಮಿ ಆಗ್ಯದಲ್ಲ."

"ಹುಳಿಗೆ ಹಾಕಿದೆ."

"ಹುಳಾ ಇದ್ದಿದ್ದ ಹಿಂಗು ಹಾಕಿದ್ಯಾ? ನಿಮ್ಮ ಕಾಕುಗ ಹೇಳಬ್ಯಾಡ. ನಿನ್ನ ಕೈಯಾಗಿನ ನೀರು ಕುಡಿಯೂದಿಲ್ಲ ಆಕಿ."

ಗಾಳಿಯಿಲ್ಲದ ದಿನ ಜೋರು ಮಾಡಬಾರದೆಂದು ಗೊತ್ತಿದ್ದೂ ನಾನು ಶುರುಮಾಡಿದೆ. "ಕಾಕಾ, ಜಿ.ಪಿ. ಹತ್ತಿರ ಹೋಗಿದ್ದೆ. ನಮ್ಮನೇಲಿ ಯಾರಿಗಾದ್ರೂ ಕೈ ನಡುಗೋದು ಇತ್ತಾ ಅಂತ ಕೇಳಿದ್ಲು."

"ಹೊಸಾ ಹುಡುಗೀನ? ಪುಸ್ತಕದಾಗಿನ ಪ್ರಶ್ನಿ ಕೇಳ್ತಾರ ಇವರು," ಎಂದರು ಕಾಕಾ. "ಚಹಾ ಕಡಿಮಿ ಮಾಡು. ಥೈರಾಯ್ಡ್ ನೋಡಿಸಿದ್ಯೇನು?"

"ನೋಡಿಸಿದೆ. ಸರಿ ಇದೆ."

"ಮತ್ತ ಛಲೋನ ಆತಲ್ಲ. ಆ ಸಣ್ಣ ಗುಂಡು ಕೊಡು ಇಲ್ಲೆ."

ಕೊಟ್ಟೆ. ನಾಜೂಕು ಪ್ರಯತ್ನಿಸಿದೆ. ಅಜ್ಜನ ವಿಷಯ ತೆಗೆದೆ, ಲೋಟದ ವಿಷಯ, ನಾವು ಏಳು ಜನ ಸಾಲಾಗಿ ಕೂತು ಹಾಲು ಕುಡಿಯುತ್ತಿದ್ದದ್ದು. ಕಾಕಾ ನಕ್ಕರು. ಅಜ್ಜನ ಕೊಡೆ, ಅಜ್ಜನ ನಶ್ಯ, ಅಜ್ಜ ಹುಡುಗರ ಕಿವಿ ಹಿಂಡುತ್ತಿದ್ದ ಬಗೆ, ಎಲ್ಲ ಹೇಳಿದರು. ಲೋಟದ ವಿಷಯಕ್ಕೆ ಮಾತ್ರ, ಮೀನಿನ ಹಾಗೆ, ಸುತ್ತ ಒಂದು ಸುತ್ತು ಹಾಕಿ, ಹತ್ತಿರ ಬಂದು, ನೋಡಿ, ಹೋದರು. ಡೇರೆಯೊಳಗೆ ಟೆರಿ ಗೊರಕೆ ಹೊಡೆಯುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಕಾಕಾ ನನ್ನ ಕೈಗೆ ಕೋಲು ಕೊಟ್ಟರು. "ಹಿಡಿ. ನಾ ಚಹಾ ಹಾಕ್ಕೋತೀನಿ." ಒಂಬತ್ತು ವರ್ಷದಲ್ಲಿ ನಾನು ಕೋಲು ಹಿಡಿದದ್ದು ಕಡಿಮೆ, ಟೋಪಿ ಕಾಯುವುದೇ ನನ್ನ ಪಾತ್ರ. ಹಿಡಿದೆ. ಕಡ್ಡಿಯಂಥ ಕೋಲು, ಅದರ ತೂಕವೇ ತಿಳಿಯುವುದಿಲ್ಲ. ತುದಿ ತಾನಾಗಿಯೇ ಶುರುಮಾಡಿತು. ಕೆಳಗೆ ತಿಳಿನೀರಿನಲ್ಲಿ ಹಿಂಗಿನ ಹುಳ ಒಂದೇ ಜಾಗದಲ್ಲಿ ನಿಂತು ಸಣ್ಣಗೆ, ಸಮನಾಗಿ ನಡುಗಿತು. ಕಲ್ಲಿನ ನೆರಳಿನಿಂದ ಒಂದು ಪಟ್ಟೆಯ ಮೀನು ಹೊರಬಂದು ನಿಂತಿತು.

ಕಾಕಾ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಸುರಿದುಕೊಂಡು, ಎರಡು ಕೈಯಲ್ಲಿ ಹಿಡಿದು, ಕೋಲಿನ ತುದಿ ನೋಡುತ್ತಿದ್ದರು.

"ಭಾಳ ಛಲೋ ಅಲ್ಲಾಡಸ್ಲಿಕ್ಕೆ ಹತ್ತೀಯಲ್ಲ. ಯಾರು ಕಲಿಸಿದ್ರು?"

"ನಾನು ಅಲ್ಲಾಡಿಸ್ತಿಲ್ಲ ಕಾಕಾ."

ಅವರು ಚಹಾ ಕುಡಿಯಲಿಲ್ಲ. ನನ್ನ ಮಣಿಕಟ್ಟನ್ನು ನೋಡಿದರು, ಪೇಶಂಟಿನ ಕಣ್ಣನ್ನು ನೋಡುವ ಹಾಗೆ, ಹತ್ತಿರದಿಂದ, ಅವಸರವಿಲ್ಲದೆ. ಅಷ್ಟರಲ್ಲಿ ಮೀನು ಕಚ್ಚಿತು.

ದೊಡ್ಡದೇನಲ್ಲ, ಅಂಗೈ ಮೀರಿ ಇನ್ನೆರಡು ಬೆರಳು. ನಾನು ಸುತ್ತಿ ದಡಕ್ಕೆ ತಂದೆ. ಕಾಕಾ ಮೊಣಕಾಲೂರಿ ಕೂತು ಕೊಕ್ಕೆ ಬಿಡಿಸಿದರು. ಮೂರು ಸಲ ತಪ್ಪಿತು, ನಾಲ್ಕನೆಯದಕ್ಕೆ ಬಂತು. "ಛಲೋ ಬ್ಯಾಸ್," ಎಂದು, ಮೀನನ್ನು ಎರಡು ಕೈಯಲ್ಲೂ ನೀರಿನೊಳಗೆ ಹಿಡಿದರು, ಅದು ಉಸಿರು ತಿರುಗಿಸಿಕೊಳ್ಳಲಿ ಎಂದು. ಬೇರೆ ಕೆರೆಯಾಗಿದ್ದರೆ ನೀರಿನೊಳಗೆ ಅವರ ಕೈ ಕಾಣುತ್ತಿರಲಿಲ್ಲ. ಇದು ತಿಳಿನೀರು. ಹತ್ತು ಬೆರಳೂ ಕಂಡವು. ಮೀನು ಬಾಲ ಬೀಸಿ ಹೋಯಿತು. ಕಾಕಾ ಕೈ ಹೊರಗೆ ತೆಗೆಯದೆ ಹಾಗೇ ಕೂತರು, ನೀರು ಅಷ್ಟು ತಣ್ಣಗಿದ್ದರೂ.

ನಾನು ಪಕ್ಕದಲ್ಲಿ ಕೂತೆ. ಒಂದು ವಿಮಾನ ಇಳಿಯಿತು, ಇನ್ನೊಂದು ಇಳಿಯಿತು. ಯಾವ ವರ್ಷ ಎಂದು ಕೇಳಬಾರದೆಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ. ಹಾಗೆ ಕೇಳದಿರುವಂಥ ಒಂದು ಪ್ರಶ್ನೆಯನ್ನು ಎರಡು ವಾರ ಕೂತು ತಿದ್ದಿದ್ದೆ. ತಿದ್ದಿ ತಿದ್ದಿ ಕೊನೆಗೆ ಅದೂ ಅಲ್ಲಿಗೇ ಹೋಗುತ್ತದೆ ಎಂದು ಗೊತ್ತಿತ್ತು. ಕೇಳಿದ್ದನ್ನು ಅಂದೇ ಮನೆಗೆ ಬಂದು ದಿನಚರಿಯ ಎಡಪುಟದಲ್ಲಿ ಬರೆದಿದ್ದೇನೆ, ಈ ಸಲ ಅವಲಕ್ಕಿಯ ವಿಷಯ ಬಿಟ್ಟು. ಬಲಪುಟ ಖಾಲಿ ಇಟ್ಟಿದ್ದೇನೆ.

"ಕಾಕಾ, ನನಗೆ ಈಗ ಮೂವತ್ತೊಂಬತ್ತು. ನಿಮಗೆ ಶುರುವಾದಾಗ ಎಷ್ಟಾಗಿತ್ತು?"